ಸ್ಪೀಕರ್ ಬದಲಿ ಮಾಡ್ರಿ, ಆದ್ರ ಮುಖ ಒಳಗ ತಿರುಗಿಸಿ ಹಚ್ರಿ

ಕಬ್ಬಿನ ಸೀಸನ್ ಸರಣಿ, ಭಾಗ 4

1.
ದೀಪಾವಳಿ ಮುಗದು ಕಾರ್ಖಾನಿ ಸುರು ಆದ್ವು ಅಂದ್ರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ಕಡೆ ಆಡಿಯೋ ಅಂಗಡಿ ಮುಂದ ಟ್ರ್ಯಾಕ್ಟರ್ ನಿಂದರ್ತಾವ. ಹೋದ ವರ್ಷದ ಸ್ಪೀಕರ್ ಮಳ್ಯಾಗ ತೊಯ್ದು, ಧೂಳ ತಿಂದು ಗರ್ ಗರ್ ಅನ್ನಾಕ ಹತ್ತಿರ್ತಾವ. ಮಾಲಕ ಒಂದ ಮಾತು ಹೇಳ್ತಾನ: "ಹಳೇದು ತಗೀ, ಅದಕ್ಕಿಂತ ದೊಡ್ಡದು ಹಚ್ಚು." ಮಡ್‌ಗಾರ್ಡ್ ಮ್ಯಾಲ ಎರಡು, ಹುಡ್ ಮ್ಯಾಲ ಎರಡು, ಎಲ್ಲಾವೂ ರಸ್ತೆ ಕಡೆ ಮುಖ ಮಾಡಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೀನಿ. ಹಾಡು ಇರಲಿ. ಸ್ಪೀಕರ್ ಸಣ್ಣದಿರಲಿ, ಡ್ರೈವರನ ಕಡೆ ಮುಖ ಮಾಡಿರಲಿ. ಉಳಿದ ರೊಕ್ಕ ಟ್ರೇಲರ್ ಹಿಂದಿನ ಬೆಳಕಿಗೆ ಹೋಗಲಿ. ಯಾಕ ಅನ್ನೂದನ್ನ ಕೆಳಗ ಒಂದೊಂದಾಗಿ ಬರದೀನಿ. ಉದ್ದ ಐತಿ, ಸೇವ್ ಮಾಡಿ ಆಮ್ಯಾಲ ಓದಿದ್ರೂ ನಡೀತೈತಿ.

2.
ಮೊದಲ ಡ್ರೈವರ್ ಪರವಾಗಿ ಎರಡು ಮಾತು. "ಈ ಟ್ರ್ಯಾಕ್ಟರ್ ಹುಡುಗೂರಿಗೆ ಬುದ್ಧಿ ಇಲ್ಲ" ಅಂತ ಕಾರಿನ ಕಾಚ್ ಏರಿಸಿಕೊಂಡು ಹೇಳೂದು ಭಾಳ ಸಸಾರ. ಕಾರಿನ್ಯಾಗೂ ಹಾಡು ಹಚ್ಚಿರ್ತಾರ, ಅದು ಹೊರಗ ಕೇಳೂದಿಲ್ಲ ಅಷ್ಟ. ಟ್ರ್ಯಾಕ್ಟರಿಗೆ ಕಾಚ್ ಇಲ್ಲ, ಬಾಗಿಲ ಇಲ್ಲ. ಡ್ರೈವರ್ ಹೊಲದಾಗ ಲೋಡ್ ಆಗೂತನಾ ಕಾಯ್ತಾನ, ಗಾಡಿ ಕೆಸರಿನ್ಯಾಗ ಸಿಕ್ಕರ ಇನ್ನೊಂದು ಟ್ರ್ಯಾಕ್ಟರ್ ಬರೂತನಾ ಕಾಯ್ತಾನ, ಕಾರ್ಖಾನಿ ಯಾರ್ಡಿನ ಪಾಳ್ಯಾಗ ಕಾಯ್ತಾನ. ಎಷ್ಟೋ ಸಲ ಆ ಪಾಳ್ಯಾಗ ಒಂದು ರಾತ್ರಿ ಪೂರಾ ಹೋಗ್ತೈತಿ. ಚಳಿಗಾಲದ ರಾತ್ರಿ, ಮೈಮ್ಯಾಲ ಒಂದು ಕಂಬಳಿ, ಜೋಡಿಗೆ ಒಂದು ಹಾಡು.

ನಮ್ಮ ಕ್ಲಾಸಿನ ಎಷ್ಟೋ ಮಂದಿ ಮನ್ಯಾಗ ಟ್ರ್ಯಾಕ್ಟರ್ ಐತಿ. ನಮ್ಮ ಫೀ ತುಂಬಿದ್ದು ಆ ಕಬ್ಬಿನ ಬಿಲ್ಲಿನಾಗಿಂದ. ಉಗಾರ ಶುಗರ್ ವರ್ಕ್ಸ್ ಹುಟ್ಟಿದ್ದು 1939ರಾಗ. ಅವತ್ತಿಂದ ಇವತ್ತಿನವರೆಗೂ ಕೃಷ್ಣಾ ದಂಡಿಯ ಈ ಕಡೆ ಕಬ್ಬು ಹೊತ್ತವರು ಯಾರೂ ಅರಾಮಾಗಿ ಹೊತ್ತಿಲ್ಲ. ಹಂಗಾಗಿ "ಹಾಡು ಬಂದ್ ಮಾಡ್ರಿ" ಅನ್ನೂ ಮಂದಿಯೊಳಗ ನಾನಿಲ್ಲ.

3.
ಈಗ ನಿಜವಾದ ವಿಷಯ. ಖಾಲಿ ಟ್ರ್ಯಾಕ್ಟರ್ ಹೊಡಿಯೂ ಮುಂದ ಕನ್ನಡ್ಯಾಗ ಹಿಂದಿನ ರಸ್ತೆ ಕಾಣ್ತೈತಿ. ಎರಡು ಟ್ರೇಲರ್ ತುಂಬ ಕಬ್ಬು ಏರಿಸಿದ ಮ್ಯಾಲ ಅದ ಕನ್ನಡ್ಯಾಗ ಕಾಣೂದು ಕಬ್ಬು ಒಂದ. ಲೋಡು ಟ್ರ್ಯಾಕ್ಟರಿಗಿಂತ ಅಗಲ ಇರ್ತೈತಿ, ಎತ್ತರನೂ ಇರ್ತೈತಿ. ಹಿಂದ ಬೈಕ್ ಐತೋ, ಬಸ್ ಐತೋ, ಆಂಬುಲೆನ್ಸ್ ಐತೋ, ಕಣ್ಣಿಗೆ ಗೊತ್ತಾಗೂದಿಲ್ಲ. ಡ್ರೈವರಿಗೆ ಹಿಂದಿನ ಸುದ್ದಿ ಹೇಳೂದು ಒಂದ ಒಂದು: ಕಿವಿ. ಹಾರ್ನ್ ಕೇಳಿದ್ರ ಸೈಡ್ ಕೊಡ್ತಾನ, ಕೇಳಲಿಲ್ಲ ಅಂದ್ರ ನಡು ರಸ್ತ್ಯಾಗ ಹೋಗ್ತಿರ್ತಾನ.

ಆ ಕಿವೀನ ನಾವು ರೊಕ್ಕಾ ಕೊಟ್ಟು ಮುಚ್ಚಾಕತ್ತೀವಿ.

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಎಂಜಿನ್ ಲೋಡಿನ್ಯಾಗ ಇದ್ದಾಗ ಡ್ರೈವರ್ ಕಿವಿ ಹತ್ರ ಸುಮಾರು 90 ಡೆಸಿಬಲ್ ಶಬ್ದ ಮಾಡ್ತೈತಿ. ಹಾಡು ಅದರ ಮ್ಯಾಲ ಕೇಳಬೇಕಂದ್ರ ಅದಕ್ಕಿಂತ ಜೋರಿರಬೇಕು. ಕೆಲಸದ ಜಾಗದ ಶಬ್ದದ ಬಗ್ಗೆ ತಜ್ಞರು ಹಾಕಿಕೊಂಡ ಒಂದು ಲೆಕ್ಕ ಐತಿ: 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ತಾಸು ಮಾತ್ರ ಕೇಳಬಹುದು. ಪ್ರತಿ 3 ಡೆಸಿಬಲ್ ಹೆಚ್ಚಾದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದ್ರ 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 100ಕ್ಕೆ ಬರೇ 15 ನಿಮಿಷ. ನಮ್ಮ ಡ್ರೈವರ್ ಕೂಡೂದು 12-14 ತಾಸು. ಮೂವತ್ತು ವರ್ಷಕ್ಕ "ಆಂ? ಏನಂದಿ?" ಅನ್ನೂ ಡ್ರೈವರ್ ಪ್ರತಿ ಊರಾಗ ಅದಾರ, ನೋಡೀರಿ.

4.
ಇದಕ್ಕ ಹುಡುಗೂರು ಒಂದು ಉತ್ತರ ಇಟ್ಟಿರ್ತಾರ: "ಸೌಂಡ್ ಜೋರಿದ್ರ ಮಂದಿಗೆ ಟ್ರ್ಯಾಕ್ಟರ್ ಬಂತು ಅಂತ ಗೊತ್ತಾಗ್ತೈತಿ, ಅದು ಸೇಫ್ಟಿ."

ಎದುರಿಗೆ ಬರಾವ್ರಿಗೆ ಗೊತ್ತಾಗ್ತೈತಿ, ಖರೆ. ಆದ್ರ ಎದುರಿಗೆ ಬರಾವ್ರಿಗೆ ಹೆಡ್‌ಲೈಟೂ ಕಾಣ್ತೈತಿ. ಸೀಸನ್ ದಿನದಾಗ ನಾವು ಪೇಪರಿನ್ಯಾಗ ಮತ್ತ ಮತ್ತ ಓದೂ ಅಪಘಾತ ಬ್ಯಾರೆ ನಮೂನಿದು: ರಾತ್ರಿ, ಕಬ್ಬಿನ ಟ್ರೇಲರ್, ಹಿಂದಿನಿಂದ ಬೈಕ್. ಎದುರಿಗೆ ಒಂದು ಕಾರ್ ಬಂದು ಅದರ ಲೈಟ್ ಕಣ್ಣಿಗೆ ಹೊಡದ ಆ ಎರಡು ಸೆಕೆಂಡಿನ್ಯಾಗ ಬೈಕ್ ಹುಡುಗಗ ಮುಂದಿನ ಕಪ್ಪು ಟ್ರೇಲರ್ ಕಾಣೂದಿಲ್ಲ. ಟ್ರೇಲರಿಗಿಂತ ಹಿಂದಕ್ಕ ಚಾಚಿದ ಕಬ್ಬಿನ ತುದಿ ಅಂತೂ ಕಾಣೂದ ಇಲ್ಲ. ಹಾಡು ಅವಗ ಕೇಳಿದ್ರೂ ಅದು ಬರೂದು ಎರಡು ಟ್ರೇಲರ್ ಮುಂದಿನಿಂದ. "ಮುಂದ ಯಾವುದೋ ಗಾಡಿ ಐತಿ" ಅಂತ ಹಾಡು ಹೇಳ್ತೈತಿ. "ಆ ಗಾಡಿ ಇಲ್ಲಿಗೆ ಮುಗೀತೈತಿ" ಅಂತ ಹೇಳೂದಿಲ್ಲ. ಅದನ್ನ ಹೇಳೂದು ಬೆಳಕು, ಮತ್ತ ಬೆಳಕು ತಿರುಗಿಸಿ ಕೊಡೂ ಕೆಂಪು ಪಟ್ಟಿ.

ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಎತ್ತಿನ ಕೊರಳಾಗ ಗೆಜ್ಜಿ ಇರ್ತಿತ್ತು, ಬಂಡಿ ಕೆಳಗ ಕಂದೀಲು ತೂಗ್ತಿತ್ತು. ಚಿಂಚಲಿ ಮಾಯಕ್ಕನ ಜಾತ್ರಿಗೆ ರಾತ್ರಿ ಪೂರಾ ಹೊಂಟ ಬಂಡಿಗೋಳ ಸಪ್ಪಳನೂ ಇತ್ತು, ದೀಪನೂ ಇತ್ತು. ನಾವು ಗೆಜ್ಜೀನ ಸಾವಿರ ವ್ಯಾಟ್ ಮಾಡೀವಿ, ಕಂದೀಲು ಅಷ್ಟ ಬಿಟ್ಟೀವಿ.

5.
"ಸಣ್ಣ ಸ್ಪೀಕರ್ ಹಚ್ಚಿದ್ರ ನನಗ ಕೇಳೂದಿಲ್ಲ" ಅಂತೀರಿ. ಇಲ್ಲಿ ಫಿಸಿಕ್ಸ್ ಕ್ಲಾಸ್ ಉಪಯೋಗಕ್ಕ ಬರ್ತೈತಿ.

ಆಂಪ್ಲಿಫೈಯರ್ ಪವರ್ ಎರಡು ಪಟ್ಟು ಮಾಡಿದ್ರ ಶಬ್ದ ಹೆಚ್ಚಾಗೂದು 3 ಡೆಸಿಬಲ್, ಕಿವಿಗೆ ಸ್ವಲ್ಪ ಅಷ್ಟ ಗೊತ್ತಾಗ್ತೈತಿ. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಬೇಕಂದ್ರ ಸುಮಾರು 10 ಡೆಸಿಬಲ್ ಬೇಕು, ಅಂದ್ರ 10 ಪಟ್ಟು ಪವರ್. ಅದಕ್ಕ 50 ವ್ಯಾಟ್ ತಗದು 100 ಹಚ್ಚಿದಾವ ಮುಂದಿನ ವರ್ಷ ಮತ್ತ ಅಂಗಡಿಗೆ ಬರ್ತಾನ.

ದೂರದ ಲೆಕ್ಕ ಬ್ಯಾರೆ ಐತಿ. ಬಯಲಿನ್ಯಾಗ ಸ್ಪೀಕರಿನ ದೂರ ಅರ್ಧ ಮಾಡಿದ್ರ ಸುಮಾರು 6 ಡೆಸಿಬಲ್ ಹೆಚ್ಚಾಗ್ತೈತಿ. ಕಿವಿಯಿಂದ 2 ಮೀಟರ್ ದೂರ ಇದ್ದ ಸ್ಪೀಕರ್ ಅರ್ಧ ಮೀಟರಿಗೆ ತಂದ್ರ 12 ಡೆಸಿಬಲ್, ಅಂದ್ರ ಸುಮಾರು 16 ಪಟ್ಟು ಪವರ್ ಹಾಕಿದಂಗ. ಕಿವಿ ಹತ್ರದ 10 ವ್ಯಾಟ್, ಹುಡ್ ಮ್ಯಾಲಿನ 160 ವ್ಯಾಟಿಗೆ ಸಮ. ಅದೂ ಹುಡ್ ಮ್ಯಾಲಿನ ಸ್ಪೀಕರ್ ನಿಮ್ಮ ಕಡೆ ಮುಖ ಮಾಡಿದ್ರ. ಅದು ಮುಖ ಮಾಡಿದ್ದು ರಸ್ತೆ ಕಡೆ, ಹಂಗಾಗಿ ನೀವು ಕೇಳೂದು ನಿಮ್ಮ ಸ್ಪೀಕರಿನ ಬೆನ್ನಿನ ಸಪ್ಪಳ. ಚೊಲೋ ಭಾಗ ಎಲ್ಲಾ ಕಬ್ಬಿನ ಹೊಲಕ್ಕ ಹೋತು.

6.
ಹೊಸಾದು ತಗೊಳ್ಳಾವ್ರಿಗೆ ಐದು ಮಾತು:

ಒಂದು: ಡಬ್ಬಿ ಮ್ಯಾಲಿನ ದೊಡ್ಡ ಅಕ್ಷರದ ವ್ಯಾಟ್ ನಂಬಬ್ಯಾಡ್ರಿ. "ಆರ್‌ಎಂಎಸ್" ಎಷ್ಟು ಅಂತ ಕೇಳ್ರಿ. ಸತತವಾಗಿ ತಡಕೊಳ್ಳೂದು ಅಷ್ಟ.

ಎರಡು: ಕಾಗದದ ಕೋನ್ ಬ್ಯಾಡ. ಇಬ್ಬನಿ, ಮಳಿ ಕುಡದು ಮೆತ್ತಗ ಆಗ್ತೈತಿ. ಪಾಲಿಪ್ರೊಪಿಲಿನ್ ಕೋನ್, ರಬ್ಬರ್ ಅಂಚು ಇದ್ದದ್ದು ತಗೋರಿ. ಫೋಮ್ ಅಂಚು ಬಿಸಿಲಿಗೆ ಪುಡಿ ಆಗ್ತೈತಿ. "ಐಪಿ 65" ಅಂತ ಬರದಿದ್ರ ಮೊದಲಿನ 6 ಧೂಳ ಒಳಗ ಹೋಗೂದಿಲ್ಲ ಅಂತ, 5 ಅಂದ್ರ ಪೈಪಿನ ನೀರು ಹೊಡದ್ರೂ ನಡೀತೈತಿ ಅಂತ. ವಿದೇಶದಾಗ ಮನಿಯಂಥಾ ಗಾಡಿ ಇಟಗೊಂಡು ತಿರುಗಾವ್ರು ಹೊರಗಿನ ಸ್ಪೀಕರ್ ಬದಲಿ ಮಾಡೂ ಮುಂದ ಇದನ್ನ ನೋಡ್ತಾರ. ಬಿಸಿಲು, ಮಳಿ, ಧೂಳ ಅವರಿಗೂ ಅದ, ನಮಗೂ ಅದ.

ಮೂರು: ಓಮ್ ನೋಡ್ರಿ. 4 ಓಮಿನ ಎರಡು ಸ್ಪೀಕರ್ ಸಮಾಂತರ ಜೋಡಿಸಿದ್ರ 2 ಓಮ್ ಆಗ್ತೈತಿ. ಆಂಪ್ಲಿಫೈಯರಿಗೆ ಅದು ತಡೀಲಿಲ್ಲ ಅಂದ್ರ ಕಾದು ಸುಡ್ತೈತಿ.

ನಾಲ್ಕು: 12 ವೋಲ್ಟ್ ಬ್ಯಾಟರಿಯಿಂದ 200 ವ್ಯಾಟ್ ಎಳದ್ರ ಸುಮಾರು 17 ಆಂಪಿಯರ್ ಕರೆಂಟ್ ಹರೀತೈತಿ. ತೆಳ್ಳನ ವೈರ್ ಬ್ಯಾಡ. ಬ್ಯಾಟರಿ ಹತ್ರನ ಫ್ಯೂಸ್ ಇರಬೇಕು. ಒಣಗಿದ ರವದಿ ಹೊತ್ತ ಗಾಡಿ ಅದು, ಒಂದು ಕಿಡಿ ಸಾಕು.

ಐದು: ಎರಡ ಸ್ಪೀಕರ್, ಛತ್ರಿ ಕೆಳಗ, ಭುಜದ ಎರಡೂ ಕಡೆ, ಮುಖ ಒಳಗ.

ಹಚ್ಚಿದ ಮ್ಯಾಲ ಒಂದು ಪರೀಕ್ಷೆ. ಲೋಡ್ ಟ್ರೇಲರ್ ನಿಂದರಿಸಿ ಎಂಜಿನ್ ರೇಸ್ ಮಾಡ್ರಿ, ಹಾಡು ಹಚ್ರಿ. ದೋಸ್ತಗ ಹಿಂದಿನ ಟ್ರೇಲರ್ ಆಚೆ ನಿಂತು ಬೈಕ್ ಹಾರ್ನ್ ಹೊಡಿ ಅನ್ರಿ. ಕೇಳಲಿಲ್ಲಾ? ವಾಲ್ಯೂಮ್ ಇಳಿಸ್ಕೋತ ಬರ್ರಿ. ಹಾರ್ನ್ ಕೇಳಿದ ಜಾಗಕ್ಕ ಗುಂಡಿ ಮ್ಯಾಲ ಬಿಳಿ ಪೇಂಟಿನ ಒಂದು ಚುಕ್ಕಿ ಇಡ್ರಿ. ರಸ್ತ್ಯಾಗ ಇದ್ದಾಗ ಆ ಚುಕ್ಕಿ ದಾಟಬಾರದು.

7.
ಊರಿನ ಮಾತೂ ಐತಿ. ಸೀಸನ್ ಮತ್ತ ನಮ್ಮ ಪರೀಕ್ಷಾ ಒಂದ ಹೊತ್ತಿಗೆ ಬರ್ತಾವ. ರಸ್ತೆ ದಂಡಿಯ ಮನ್ಯಾಗ ಓದಾಕ ಕುಂತ ಹುಡುಗಿಗೆ, ಆಗಷ್ಟ ಮಲಗಿದ ಕೂಸಿಗೆ, ಆಪರೇಷನ್ ಆಗಿ ಬಂದ ಅಜ್ಜಿಗೆ ರಾತ್ರಿ ಎರಡಕ್ಕ ನಿಮ್ಮ ಹಾಡಿನ ಚಾಯ್ಸ್ ಬೇಕಾಗಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ಈ ರಾತ್ರಿ ನಿರ್ಬಂಧವನ್ನ ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ಗಟ್ಟಿ ಮಾಡಿದೆ. ಅಮೆರಿಕದ ಬಹಳಷ್ಟು ರಾಷ್ಟ್ರೀಯ ಉದ್ಯಾನಗಳ ಕ್ಯಾಂಪಿನಲ್ಲೂ ಅದ 10ರಿಂದ 6 ಶಾಂತಿಯ ಹೊತ್ತು. ನಿದ್ದಿ ಎಲ್ಲಾ ದೇಶದಾಗೂ ಒಂದ ಹೊತ್ತಿಗೆ ಬರ್ತೈತಿ.

"ಹಾಡು ಇಲ್ಲಂದ್ರ ನಿದ್ದಿ ಹತ್ತತೈತಿ" ಅನ್ನಾವ್ರಿಗೆ: ಹಾಡು ಬ್ಯಾಸರ ಕಳೀತೈತಿ, ನಿದ್ದಿ ಸಾಲ ತೀರಸೂದಿಲ್ಲ. ಎರಡು ರಾತ್ರಿ ಕಣ್ಣು ಮುಚ್ಚದ ಡ್ರೈವರಿಗೆ ಬೇಕಾದದ್ದು ಯಾರ್ಡಿನ್ಯಾಗ ಮಲಗಾಕ ಒಂದು ಜಾಗ, ಮುಂದಿನ ಖೇಪಿಗೆ ಇನ್ನೊಬ್ಬ ಡ್ರೈವರ್. ಅದನ್ನ ಮಾಲಕರು, ಕಾರ್ಖಾನಿಯವ್ರು ಕೊಡಬೇಕು. ಖೇಪು ಹೆಚ್ಚಾಗಲಿ ಅಂತ ಅವನ ಹಿಂದ ಬೀಳಾವ್ರು, ಅಪಘಾತ ಆದ ಮರುದಿನ "ಸ್ಪೀಕರಿನಿಂದ ಆತು" ಅಂದು ಕೈ ತೊಳಕೊಳ್ಳೂದೂ ಸರಿ ಅಲ್ಲ.

8.
ಕಡೀ ಮಾತು ನಮಗ, ಫೋನ್ ಹಿಡದ ಮಂದಿಗೆ. ಆ ದೊಡ್ಡ ಸ್ಪೀಕರ್ ಯಾರಿಗಾಗಿ? ಡ್ರೈವರಿಗೆ ಅದು ಪೂರಾ ಕೇಳೂದೂ ಇಲ್ಲ. ಅದು ನಮಗಾಗಿ. ರೀಲ್ ನೋಡಿ ಬೆಂಕಿ ಇಮೋಜಿ ಒಗಿಯಾವ್ರು ನಾವ. ಸೌಂಡ್ ಎಷ್ಟು ಜೋರೋ ಲೈಕ್ ಅಷ್ಟು. ಟ್ರೇಲರ್ ಹಿಂದ ಕೆಂಪು ರಿಫ್ಲೆಕ್ಟರ್ ಪಟ್ಟಿ ಚೊಕ್ಕ ಹಚ್ಚಿದಾವನ ರೀಲ್ ಯಾರಾದ್ರೂ ಶೇರ್ ಮಾಡೀರಿ?

ಪ್ರತಿ ಸೀಸನ್ನಿಗೆ ಪೊಲೀಸ್ರು, ಕಾರ್ಖಾನಿಯವ್ರು ರಿಫ್ಲೆಕ್ಟರ್ ಹಚ್ಚಿ ಫೋಟೋ ತಗೋತಾರ. ಒಳ್ಳೇದ. ಆದ್ರ ಒಂದ ವಾರಕ್ಕ ಅದರ ಮ್ಯಾಲ ಕೆಸರು ಮೆತ್ತಿರ್ತೈತಿ, ಕಬ್ಬು ಇಳಿಬಿದ್ದು ಮುಚ್ಚಿರ್ತೈತಿ. ದಿನಾ ಒರಸೂ ಕೈ ಮನಿಯವರದ್ದು.

ಅದಕ್ಕ ಈ ವಾರ ಒಂದು ಕೆಲಸ. ನಿಮ್ಮ ಮನಿ ಟ್ರೇಲರ್ ಲೋಡ್ ಆಗಿ ನಿಂತಾಗ, ಕತ್ತಲಾದ ಮ್ಯಾಲ, ಐವತ್ತು ಹೆಜ್ಜಿ ಹಿಂದ ಹೋಗಿ ಬೈಕ್ ಲೈಟ್ ಹಚ್ಚಿ ಒಂದು ಫೋಟೋ ತಗೀರಿ. ಫೋಟೋದಾಗ ಕೆಂಪು ಕಂಡ್ರ ನನಗ ಟ್ಯಾಗ್ ಮಾಡ್ರಿ, ನಂಬರ್ ಪ್ಲೇಟ್ ಮುಚ್ಚಿ ಸ್ಟೋರಿಗೆ ಹಾಕ್ತೀನಿ. ಬರೇ ಕಪ್ಪು ಕಂಡ್ರ ಟ್ಯಾಗ್ ಬ್ಯಾಡ. ಅಪ್ಪಗ ತೋರಸ್ರಿ, ಮರುದಿನ ಅಂಗಡಿಗೆ ಹೋಗ್ರಿ. ಸ್ಪೀಕರ್ ಅಂಗಡಿ ಆಮ್ಯಾಲ.

ಭಾಗ 5: ಯಾರ್ಡಿನ ಪಾಳಿ, ಮತ್ತ ಅಲ್ಲಿ ಮಲಗಾವ್ರು.

#ಕಬ್ಬಿನ_ಸೀಸನ್ #ಟ್ರ್ಯಾಕ್ಟರ್_ಹುಡುಗೂರು #ಚಿಕ್ಕೋಡಿ #ನಿಪ್ಪಾಣಿ #ರಾಯಬಾಗ #ಅಥಣಿ #ಕಾಗವಾಡ #ಹಿಂದ_ಕೆಂಪು_ಇರಲಿ