ಓಂ ಬೀಚಿನ ಅಲೆಗಳೂ ಡಾಕ್ಟರೇಟ್ ಪದವಿಯೂ

ಗೋಕರ್ಣದ ದಕ್ಷಿಣಕ್ಕೆ, ಕುಮಟಾ ತಾಲ್ಲೂಕಿನ ಕಡಲಂಚಿನಲ್ಲಿ ಓಂ ಬೀಚ್ ಇದೆ. ಅರ್ಧಚಂದ್ರಾಕೃತಿಯ ಎರಡು ಕೊಲ್ಲಿಗಳು, ಅವು ಕೂಡುವೆಡೆ ಕಡಲಿಗೆ ಚಾಚಿದ ಬಂಡೆಗಳು. ಆಕಾರದಿಂದಲೇ ಬಂದ ಹೆಸರು. ಆ ಬಂಡೆಗಳ ಬಳಿ ಕಣ್ಣು ಮುಚ್ಚಿ ನಿಂತವನಿಗೂ ಅಲೆ ಎಡಕ್ಕೆ ಒಡೆಯಿತೋ ಬಲಕ್ಕೋ ಎಂಬುದು ಒಡನೆಯೇ ತಿಳಿಯುತ್ತದೆ. ಹೇಗೆ?

ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ತಲೆಯನ್ನು ಬಳಸಿ ಎಡಗಿವಿಗೆ ಹೋಗುವಾಗ ತುಸು ತಡವಾಗುತ್ತದೆ, ತುಸು ಕುಗ್ಗುತ್ತದೆ. ಈ ತಡ ಹೆಚ್ಚೆಂದರೆ 0.7 ಮಿಲಿಸೆಕೆಂಡು. ಲಾರ್ಡ್ ರೇಲಿ 1907ರಲ್ಲಿಯೇ ಇದನ್ನು ವಿವರಿಸಿದನು. ಆದರೆ ನೇರ ಮುಂದಿನ ಸದ್ದಿಗೂ ನೇರ ಹಿಂದಿನ ಸದ್ದಿಗೂ ತಡವೇ ಇಲ್ಲವಷ್ಟೆ. ಅಲ್ಲಿ ಹೊರಕಿವಿಯ ಮಡಿಕೆಗಳು ನೆರವಾಗುತ್ತವೆ. ಸಾಲದಿದ್ದರೆ ನಾವು ಅರಿಯದೆಯೇ ಕತ್ತನ್ನು ಹೊರಳಿಸಿ ಮುಂದು ಹಿಂದುಗಳನ್ನು ತಿಳಿಯುತ್ತೇವೆ.

ಇದೇ ಸದ್ದನ್ನು ಮುದ್ರಿಸಿ ಹೆಡ್‌ಫೋನಿನಲ್ಲಿ ಕೇಳಿರಿ. ಕತ್ತು ತಿರುಗಿದರೆ ಕಡಲೂ ಜೊತೆಗೆ ತಿರುಗುತ್ತದೆ! ಕಡಲು ಇದ್ದಲ್ಲೇ ಇರಬೇಕಾದರೆ ತಲೆಯ ಚಲನೆಯನ್ನು ಅಳೆದು, ಎರಡು ಕಿವಿಗಳ ಧ್ವನಿಯನ್ನೂ ಕಂಪ್ಯೂಟರು ಕ್ಷಣಕ್ಷಣಕ್ಕೂ ಹೊಸದಾಗಿ ಗಣಿಸಬೇಕು. ಕೇಳುವವನ ಚಲನೆಗೆ ಹೀಗೆ ಓಗೊಡುವ ಧ್ವನಿಯನ್ನೂ ಅದರಿಂದ ಕಟ್ಟಿದ ವಿದ್ಯುನ್ಮಾನ ಸಂಗೀತವನ್ನೂ ಕುರಿತು ಹೊರದೇಶಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ಸಂಶೋಧನೆ ನಡೆಯುತ್ತಿದೆ.

ಇದು ಸಂಗೀತವೋ ಭೌತವಿಜ್ಞಾನವೋ ಎಂದು ನಮ್ಮ ವಿದ್ಯಾರ್ಥಿಗಳು ಕೇಳುತ್ತಾರೆ. ಉದ್ಯೋಗ ದೊರೆತೀತೇ ಎಂದು ಅವರ ತಂದೆತಾಯಿಗಳು ಕೇಳುತ್ತಾರೆ. ಎರಡನೆಯದು ನ್ಯಾಯವಾದ ಪ್ರಶ್ನೆ; ಚಲನಚಿತ್ರ, ವಿಡಿಯೋ ಆಟ, ಶ್ರವಣಯಂತ್ರ ಇವೆಲ್ಲಕ್ಕೂ ಈ ವಿದ್ಯೆ ಬೇಕು ಎಂಬುದೇ ಉತ್ತರ. ಮೊದಲನೆಯ ಪ್ರಶ್ನೆಯನ್ನು ಮಾತ್ರ ನಾವು ಒಪ್ಪಲಾರೆವು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಚಲಿಸುವ ಧ್ವನಿಯ ಭ್ರಮೆಯನ್ನು ಗಣನೆಯಿಂದ ಹುಟ್ಟಿಸುವ ವಿಧಾನವನ್ನು 1971ರಲ್ಲಿ ಪ್ರಕಟಿಸಿದ ಜಾನ್ ಚೌನಿಂಗ್ ಮೂಲತಃ ಸಂಗೀತ ರಚನಕಾರ. ನಮ್ಮ ಸಿ. ವಿ. ರಾಮನ್ ಅವರೋ ಭೌತವಿಜ್ಞಾನಿ. ಮೃದಂಗ ತಬಲಗಳ ಕರಣೆಯಿಂದ ಉಪಸ್ವರಗಳು ಹೇಗೆ ಶ್ರುತಿಬದ್ಧವಾಗುತ್ತವೆಂಬುದನ್ನು 1920ರಲ್ಲಿಯೇ ಪ್ರಕಟಿಸಿದರು.

ಆದುದರಿಂದ ಇಂಥ ವಿದ್ಯಾರ್ಥಿಗೆ ಎರಡೂ ವಿಭಾಗಗಳಿಂದ ಒಬ್ಬೊಬ್ಬ ಮಾರ್ಗದರ್ಶಕರಿರಬೇಕು, ಬರೆದ ಪ್ರಬಂಧದ ಜೊತೆಗೆ ಧ್ವನಿಕೃತಿಯೂ ಪರೀಕ್ಷೆಗೆ ಸಲ್ಲಬೇಕು ಎಂದು ನಾವು ವಾದಿಸುತ್ತೇವೆ. ಕೇಳುಗರನ್ನು ಬೆರಗುಗೊಳಿಸಿದರೆ ಸಾಕೆಂಬವರೊಡನೆಯೂ ನಮಗೆ ಒಪ್ಪಿಗೆಯಿಲ್ಲ. ಅಳತೆಯಿಲ್ಲದ ಚಮತ್ಕಾರ ಜಾತ್ರೆಗೆ ಸರಿ.

ವಿಷಯಕ್ಕೆ ಬರವಿಲ್ಲ. ಹೊನ್ನಾವರ, ಕುಮಟಾಗಳ ಬಡಗುತಿಟ್ಟಿನ ಯಕ್ಷಗಾನವನ್ನೇ ನೋಡಿರಿ. ಬಯಲಿನಲ್ಲಿ ಭಾಗವತರ ಹಾಡು, ಮದ್ದಳೆ, ಚಂಡೆ ಒಂದೊಂದೂ ತನ್ನ ತನ್ನ ಎಡೆಯಿಂದ ಬರುತ್ತದೆ. ಒಂದೇ ಧ್ವನಿವರ್ಧಕದಲ್ಲಿ ಎಲ್ಲವೂ ಒಂದೇ ಬಿಂದುವಿಗೆ ಕುಸಿಯುತ್ತವೆ. ಕೇಳುಗನು ಹೆಡ್‌ಫೋನು ಧರಿಸಿ ರಂಗಸ್ಥಳದ ಸುತ್ತ ನಡೆದಂತೆ ಚಂಡೆ ತನ್ನ ಸ್ಥಾನದಲ್ಲಿಯೇ ನಿಲ್ಲುವಂತೆ ಮಾಡಬಹುದೇ? ಗಣನೆ ಎಷ್ಟು ಮಿಲಿಸೆಕೆಂಡು ತಡವಾದರೆ ಭ್ರಮೆ ಒಡೆಯುತ್ತದೆ? ಇನ್ನೊಬ್ಬರ ಕಿವಿಯ ಅಳತೆಯಿಂದ ಸಿದ್ಧಪಡಿಸಿದ ಧ್ವನಿಯಲ್ಲಿ, ಚಂಡೆಯನ್ನು ಕೇಳುತ್ತಲೇ ಬೆಳೆದವರಿಗೆ ದಿಕ್ಕು ಸರಿಯಾಗಿ ತಿಳಿದೀತೇ? ಪ್ರತಿಯೊಂದಕ್ಕೂ ಎರಡು ಮೂರು ವರ್ಷಗಳ ದುಡಿಮೆ ಬೇಕು.

ಈಗ ಬಿ.ಎಸ್‌ಸಿ. ತರಗತಿಯಲ್ಲಿರುವವರು ತರಂಗಗಳ ಪಾಠವನ್ನೂ ಫೂರಿಯೇ ಗಣಿತವನ್ನೂ ಗಟ್ಟಿಯಾಗಿ ಕಲಿಯಲಿ, ಒಂದಿಷ್ಟು ಪ್ರೋಗ್ರಾಮಿಂಗ್ ಕಲಿಯಲಿ, ಯಾವುದಾದರೊಂದು ವಾದ್ಯವನ್ನು ಬಿಡದೆ ನುಡಿಸಲಿ. ನೋಂದಣಿಗೆ ಮೊದಲು, ಧ್ವನಿಕೃತಿಯನ್ನು ಪ್ರಬಂಧದ ಅಂಗವಾಗಿ ಸ್ವೀಕರಿಸುವಿರಾ ಎಂದು ವಿಶ್ವವಿದ್ಯಾಲಯವನ್ನು ಲಿಖಿತವಾಗಿ ಕೇಳಿಕೊಳ್ಳಲಿ.