ಸೂರ್ಯಾಸ್ತಕ್ಕೆ ಮುನ್ನ

ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ಕ್ಯಾಟ್‌ಸ್ಕಿಲ್ ಬೆಟ್ಟಗಳಿಗೆ ವಾರಾಂತ್ಯದ ಧ್ಯಾನಕೂಟಕ್ಕೆಂದು ಹೊರಡುವ ಸಂಪ್ರದಾಯನಿಷ್ಠ ಯೆಹೂದ್ಯ ಪುರುಷರ ಸಿದ್ಧತೆಗೆ ಕದಲಿಸಲಾಗದ ಗಡುವೊಂದಿದೆ: ಶುಕ್ರವಾರದ ಸೂರ್ಯಾಸ್ತ. ಸಬ್ಬತ್ ದಿನದಂದು 39 ಬಗೆಯ ಕೆಲಸಗಳು ನಿಷಿದ್ಧ. ಆದುದರಿಂದ ಅಡುಗೆ ಮೊದಲೇ ಬೆಂದಿರಬೇಕು. ದೀಪ ಮೊದಲೇ ಹೊತ್ತಿರಬೇಕು. ಸಾಮೂಹಿಕ ಪ್ರಾರ್ಥನೆಗೆ ಅಗತ್ಯವಾದ 10 ಮಂದಿ ಕತ್ತಲಾಗುವ ಮುನ್ನ ತಲುಪಿರಬೇಕು.

ಈ ಗಡುವನ್ನು ನಾವು ಹೊರೆಯೆಂದು ಭಾವಿಸುವುದಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ವಿಶ್ರಾಂತಿ ಎನ್ನುವವನಿಗೆ ವಿಶ್ರಾಂತಿಯೇ ಇಲ್ಲ. ಅರ್ಧಕ್ಕೆ ಕೈಬಿಡಲು ಬಲ್ಲವನಿಗೆ ಅದು ದೊರಕುತ್ತದೆ.

ಆದರೆ ಆತನು ಕೈಬಿಟ್ಟುದನ್ನು ಮನೆಯಲ್ಲಿ ಎತ್ತಿಕೊಳ್ಳುವವರು ಯಾರು? ಸಬ್ಬತ್ ಪತ್ನಿಗೂ ವಿಶ್ರಾಂತಿಯ ದಿನವೇ. ಆಕೆಗೂ ಮಕ್ಕಳಿಗೂ ಬೇಕಾದುದನ್ನು ಅಣಿಗೊಳಿಸದೆ ಬೆಟ್ಟವೇರಿದವನ ಸಿದ್ಧತೆ ಅಪೂರ್ಣವೆಂದೇ ನಮ್ಮ ಅಭಿಪ್ರಾಯ. ಧ್ಯಾನಕೂಟಗಳಿಗೆ ಹೊರಡುವ ನಮ್ಮ ಕುಟುಂಬಗಳ ಗಂಡಸರೂ ಇದನ್ನು ನೆನೆಯುವುದೊಳಿತು.