ನೀರು ಬರುವ ದಿನ ಮೊದಲೇ ಹೇಳಿ

ಕಲಬುರಗಿ ಜಿಲ್ಲಾಧಿಕಾರಿಗಳಿಗೆ,

ಬೇಸಿಗೆ ಬಂತೆಂದರೆ ನೀರು ಮಿತವಾಗಿ ಬಳಸಿ ಎಂದು ಸರ್ಕಾರಿ ಕಚೇರಿಗಳು ಜನರನ್ನು ಕೇಳಿಕೊಳ್ಳುತ್ತವೆ. ಕೇಳುವುದು ಸರಿಯೇ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮನೆಗಳಲ್ಲಿ ನೀರು ಪೋಲಾಗುವ ಬಗೆಯೇ ಬೇರೆ. ಅದನ್ನು ತಮ್ಮ ಮುಂದಿಡಲು ಈ ಪತ್ರ.

ನಳಕ್ಕೆ ಯಾವತ್ತು ನೀರು ಬರುತ್ತದೆಂದು ಗೊತ್ತಿಲ್ಲದ ಮನೆಯವರು ಕೊಡ, ಹಂಡೆ, ಬಕೆಟ್ಟು, ಡ್ರಮ್ಮು ಸಿಕ್ಕಿದ್ದನ್ನೆಲ್ಲ ತುಂಬಿಸಿಡುತ್ತಾರೆ. ಮತ್ತೆ ನೀರು ಬಂದ ದಿನ, ಮಿಕ್ಕಿದ್ದನ್ನು ಹಳೇ ನೀರೆಂದು ಬಚ್ಚಲಿಗೆ ಸುರಿದು ಹೊಸದು ಹಿಡಿಯುತ್ತಾರೆ. ಇವರಿಗೆ ನೀರಿನ ಬೆಲೆ ಗೊತ್ತಿಲ್ಲ ಎನ್ನಬೇಡಿ. ಇನ್ನು ಎಷ್ಟು ದಿನ ಬರುವುದಿಲ್ಲವೋ ಎಂಬ ಹೆದರಿಕೆ ಹಾಗೆ ಮಾಡಿಸುತ್ತದೆ.

ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಐದು ಮಂದಿಯ ಮನೆಗೆ 275 ಲೀಟರ್ ಆಯಿತು. ನಾಲ್ಕು ದಿನಕ್ಕೊಮ್ಮೆ ನೀರು ಬಿಟ್ಟರೆ ಆ ಮನೆ 1,100 ಲೀಟರ್ ಹಿಡಿದಿಡಬೇಕು. 200 ಲೀಟರಿನ ಆರು ಡ್ರಮ್ಮು ಬೇಕು. ಕೂಲಿಗೆ ಹೋಗುವವರ ಒಂದೇ ಕೋಣೆಯ ಮನೆಯಲ್ಲಿ ಅವನ್ನು ಎಲ್ಲಿ ಇಡುವುದು? ಸಂಪು ಇದ್ದವರು ನಳಕ್ಕೇ ಮೋಟಾರು ಹಚ್ಚಿ ಎಳೆದುಕೊಳ್ಳುತ್ತಾರೆ, ಓಣಿಯ ಕೊನೆಯ ಮನೆಗೆ ಬರೀ ಗಾಳಿ ಬರುತ್ತದೆ. ನೀರು ನಸುಕಿನಲ್ಲಿ ಬರಬಹುದೆಂದು ಹೆಣ್ಣುಮಕ್ಕಳು ನಿದ್ದೆಗೆಟ್ಟು ಕಾಯುತ್ತಾರೆ, ಅವತ್ತಿನ ಕೂಲಿಯೂ ತಪ್ಪುತ್ತದೆ.

ಆದ್ದರಿಂದ ಮೊದಲ ಕೋರಿಕೆ ಇದು: ವಾರಕ್ಕೊಮ್ಮೆಯಾದರೂ ಸರಿ, ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿಸಿ, ಡಂಗುರ ಸಾರಿಸಿ, ಅದರಂತೆ ನಡೆಸಿ. ನಳಕ್ಕೆ ಮೋಟಾರು ಹಚ್ಚುವುದನ್ನು ತಡೆಯಿರಿ. ತೋಟಿ ಇಲ್ಲದ ಬೀದಿ ನಳಗಳಿಗೆ ತೋಟಿ ಹಾಕಿಸಿ, ಸೋರುವ ನೀರಿನ ಗುಮ್ಮಿಗಳನ್ನು ದುರಸ್ತಿ ಮಾಡಿಸಿ. ಮುಸುರೆ ನೀರನ್ನು ದನಕ್ಕೆ ಇಟ್ಟು, ಬಟ್ಟೆ ಒಗೆದ ನೀರಿನಲ್ಲಿ ಅಂಗಳ ತೊಳೆಯುವ ನಮ್ಮ ತಾಯಂದಿರಿಗೆ ಮಿತಬಳಕೆಯ ಪಾಠ ಹೇಳಬೇಕಿಲ್ಲ.

ಎರಡನೆಯದು ಹೊಳೆಯ ಮಾತು. ಭೀಮೆಗೆ ನೀರು ಬರುವುದು ಮಹಾರಾಷ್ಟ್ರದ ಉಜನಿ ಜಲಾಶಯದ ಕಡೆಯಿಂದ. 2020ರ ಅಕ್ಟೋಬರಿನಲ್ಲಿ ಇದೇ ಹೊಳೆ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳನ್ನು ಮುಳುಗಿಸಿತ್ತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರು ಬೇಸಿಗೆ, 2024ರ ಮಾರ್ಚಿನಲ್ಲಿ, ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಸುದ್ದಿಯಾಯಿತು. ಅದೇ ಹೊತ್ತಿಗೆ ಅಫಜಲಪುರದಲ್ಲಿ ಭೀಮೆಗೆ ನೀರು ಬಿಡಿಸಿ ಎಂದು ಜನ ಉಪವಾಸ ಕುಳಿತಿದ್ದರು.

ಹೊಳೆ ತಳ ಕಂಡ ಮೇಲೆ ದಂಡೆಯ ಪಂಪ್‌ಸೆಟ್ಟುಗಳ ಕರೆಂಟು ತೆಗೆದರೆ ಅಷ್ಟರಲ್ಲಿ ಕಬ್ಬು ಎದೆಮಟ್ಟ ಬೆಳೆದಿರುತ್ತದೆ. ರೈತನಿಗೂ ನಷ್ಟ, ಕುಡಿಯುವವರಿಗೂ ನೀರಿಲ್ಲ. ಉಜನಿಯಲ್ಲಿ, ಭೀಮೆಗೆ ಕಟ್ಟಿದ ಸೊನ್ನ ಬ್ಯಾರೇಜಿನಲ್ಲಿ, ಆಳಂದ ತಾಲ್ಲೂಕಿನ ಅಮರ್ಜಾ ಜಲಾಶಯದಲ್ಲಿ ಎಷ್ಟು ನೀರಿದೆ ಎಂಬುದು ಮಳೆಗಾಲ ಮುಗಿದಾಗಲೇ ಗೊತ್ತಾಗಿರುತ್ತದೆ. ಕುಡಿಯಲು ಇಷ್ಟು, ಹೊಲಕ್ಕೆ ಇಷ್ಟು ಎಂದು ಅಕ್ಟೋಬರಿನಲ್ಲೇ ಹೇಳಿದರೆ ರೈತ ಕಬ್ಬು ಬಿಟ್ಟು ಕಡಲೆಗೋ ಜೋಳಕ್ಕೋ ಹೋದಾನು. ಏಪ್ರಿಲಿನಲ್ಲಿ ಹೇಳಿದರೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಕಾನೂನಿನ ಬಲವೂ ನಿಮಗಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ, ಬೋರು ತೋಡುವಂತಿಲ್ಲ ಎಂಬ ಕಾಯ್ದೆ 1999ರಲ್ಲೇ ಬಂದಿದೆ. ಊರ ಬೋರು ಒಣಗಿದ ಮೇಲೆ ಟ್ಯಾಂಕರ್ ಕಳಿಸುವುದಕ್ಕಿಂತ ಈ ಕಾಯ್ದೆ ಜಾರಿಯಾಗಲಿ.

ಮಳೆ ನೀರು ಹಿಡಿಯಿರಿ ಎಂದು ನಮಗೆ ಹೇಳುವ ಮುನ್ನ ಸರ್ಕಾರಿ ಶಾಲೆ, ಹಾಸ್ಟೆಲ್, ತಾಲ್ಲೂಕು ಕಚೇರಿಗಳ ಮಾಳಿಗೆಯ ನೀರನ್ನು ಹಿಡಿಸಿ. 100 ಚದರ ಮೀಟರ್ ಮಾಳಿಗೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್ ನೀರು. ಅದು ಮೋರಿ ಸೇರುವುದನ್ನು ಮಕ್ಕಳು ನೋಡುತ್ತಿದ್ದಾರೆ.

ಈ ಮುಂಗಾರು ಮುಗಿಯುತ್ತಲೇ ಮೂರೂ ತಾಲ್ಲೂಕುಗಳ ತಹಶೀಲ್ದಾರರನ್ನು, ರೈತರನ್ನು, ನೀರು ಹೊರುವ ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿ ಬೇಸಿಗೆಯ ನೀರಿನ ಲೆಕ್ಕ ಮಾಡಿ. ಆ ಲೆಕ್ಕವನ್ನು ಎಲ್ಲರೂ ಓದುವಂತೆ ಪ್ರತಿ ಊರಿನಲ್ಲೂ ಹಚ್ಚಿಸಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ಭೀಮಾ ತೀರದ ಒಬ್ಬ ನಾಗರಿಕ